ದಿಕ್ಕು ಮತ್ತು ಆವೃತ್ತಿ: ವಿಪಥನ, ಡಾಪ್ಲರ್ ಪರಿಣಾಮಗಳ ಕಥೆ

ಚಲಿಸುತ್ತಿರುವ ವೀಕ್ಷಕನಿಗೆ ನಕ್ಷತ್ರದ ಬೆಳಕು ಎರಡು ಬಗೆಯಲ್ಲಿ ಬದಲಾಗಿ ಕಾಣುತ್ತದೆ. ಅದು ಬರುವ ದಿಕ್ಕು ತುಸು ವಾಲುತ್ತದೆ. ಅದರ ಆವೃತ್ತಿ, ಅಂದರೆ ಒಂದು ಸೆಕೆಂಡಿನಲ್ಲಿ ಬಂದು ತಲುಪುವ ಅಲೆಗಳ ಎಣಿಕೆ, ತುಸು ಏರುತ್ತದೆ ಇಲ್ಲವೇ ಇಳಿಯುತ್ತದೆ. ಮೊದಲನೆಯದು ವಿಪಥನ, ಎರಡನೆಯದು ಡಾಪ್ಲರ್ ಪರಿಣಾಮ. ವಿಪಥನವನ್ನು 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ದೂರದರ್ಶಕದ ಮೂಲಕ ಕಂಡುಹಿಡಿಯಲಾಯಿತು. ಡಾಪ್ಲರ್ ಪರಿಣಾಮ ಅದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ನಂತರ ಪ್ರಾಗ್ ನಗರದಲ್ಲಿ, ಕಾಗದದ ಮೇಲಿನ ಲೆಕ್ಕವಾಗಿ ಹುಟ್ಟಿತು. ಇಂದಿಗೂ ವಿಪಥನ ಖಗೋಳವಿಜ್ಞಾನದ ಪಾಠದಲ್ಲಿ ಬರುತ್ತದೆ, ಡಾಪ್ಲರ್ ಹೆಚ್ಚಾಗಿ ಶಬ್ದದ ಪಾಠದಲ್ಲಿ. ಇವೆರಡೂ ಒಂದೇ ಮೂಲದವು ಎಂದು ಡಾಪ್ಲರ್ ಅವರೇ ತಮ್ಮ ಪ್ರಬಂಧದ ಉಪಶೀರ್ಷಿಕೆಯಲ್ಲಿ ಸೂಚಿಸಿದ್ದರು. ಆ ಮಾತು ಪೂರ್ತಿ ಸಾಧಿತವಾಗಲು 1905ರ ತನಕ ಕಾಯಬೇಕಾಯಿತು.

ವಿಪಥನದ ಕಥೆ ಶುರುವಾಗುವುದು ಬೇರೊಂದನ್ನು ಹುಡುಕುವ ಪ್ರಯತ್ನದಿಂದ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಕೊಪರ್ನಿಕಸ್ 1543ರಲ್ಲಿ ಬರೆದ ಮೇಲೆ, ಅದಕ್ಕೆ ಆಕಾಶದಲ್ಲೇ ಸಾಕ್ಷ್ಯ ಸಿಗಬೇಕೆಂಬ ಒತ್ತಾಯ ಬೆಳೆಯಿತು. ಜನವರಿಯಲ್ಲಿ ಕಕ್ಷೆಯ ಈ ಬದಿಯಲ್ಲಿರುವ ಭೂಮಿ ಜುಲೈ ಹೊತ್ತಿಗೆ ಸುಮಾರು 30 ಕೋಟಿ ಕಿಲೋಮೀಟರ್ ಆಚೆ ಇರುತ್ತದೆ. ಹಾಗಿದ್ದರೆ ಹತ್ತಿರದ ನಕ್ಷತ್ರಗಳ ಸ್ಥಾನ ವರ್ಷದುದ್ದಕ್ಕೂ ಅತ್ತಿತ್ತ ಸರಿದಂತೆ ಕಾಣಲೇಬೇಕು. ಈ ತೋರಿಕೆಯ ಸರಿತಕ್ಕೆ ಲಂಬನ ಅಥವಾ ಪ್ಯಾರಲಾಕ್ಸ್ ಎನ್ನುತ್ತಾರೆ. 1669ರಲ್ಲಿ ರಾಬರ್ಟ್ ಹುಕ್ ಲಂಡನ್ನಿನ ಗ್ರೆಶಮ್ ಕಾಲೇಜಿನ ತಮ್ಮ ವಸತಿಯ ಚಾವಣಿ ಕೊರೆದು, ನೆತ್ತಿಗೆ ನೇರವಾಗಿ ನಿಲ್ಲುವ ದೂರದರ್ಶಕ ಇಟ್ಟು, ಡ್ರೇಕೊ ಮಂಡಲದ ಗಾಮಾ ನಕ್ಷತ್ರವನ್ನು ನೋಡಿದರು. ಆ ನಕ್ಷತ್ರ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಖಮಧ್ಯದ ಮೂಲಕವೇ ಹಾದುಹೋಗುತ್ತದೆ. ವಾತಾವರಣ ಬೆಳಕನ್ನು ಬಾಗಿಸುವ ತೊಡಕು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಲಂಬನ ಸಿಕ್ಕಿತೆಂದು ಹುಕ್ 1674ರಲ್ಲಿ ಪ್ರಕಟಿಸಿದರು. ಆದರೆ ಅವರು ನಡೆಸಿದ್ದು ನಾಲ್ಕೇ ವೀಕ್ಷಣೆ. ಯಾರಿಗೂ ಅದು ಸಾಕೆನಿಸಲಿಲ್ಲ.

ಐವತ್ತು ವರ್ಷಗಳ ನಂತರ ಸ್ಯಾಮ್ಯುಯೆಲ್ ಮಾಲಿನೊ ಎಂಬ ಸಿರಿವಂತ ಹವ್ಯಾಸಿ ಅದೇ ನಕ್ಷತ್ರವನ್ನು ಮತ್ತೆ ಅಳೆಯಲು ಮುಂದಾದರು. ಲಂಡನ್ನಿನ ಪಶ್ಚಿಮಕ್ಕಿದ್ದ ಕ್ಯೂ ಎಂಬಲ್ಲಿನ ತಮ್ಮ ಮನೆಯ ಹೊಗೆಗೂಡಿಗೆ 24 ಅಡಿ ಉದ್ದದ ದೂರದರ್ಶಕವನ್ನು ಬಿಗಿಸಿದರು. ಉಪಕರಣ ಮಾಡಿಕೊಟ್ಟವರು ಆ ಕಾಲದ ಅತ್ಯಂತ ನುರಿತ ಗಡಿಯಾರ ತಯಾರಕ ಜಾರ್ಜ್ ಗ್ರಹಮ್. ಮಾಲಿನೊ ಜೊತೆಗೂಡಿದವರು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೇಮ್ಸ್ ಬ್ರಾಡ್ಲಿ. ಆಗಿನ ಇಂಗ್ಲೆಂಡಿನ ಪಂಚಾಂಗದಂತೆ 1725ರ ಡಿಸೆಂಬರ್ 3ರಂದು ಮೊದಲ ವೀಕ್ಷಣೆ ನಡೆಯಿತು. ಲಂಬನದ ಲೆಕ್ಕದ ಪ್ರಕಾರ ಆ ನಕ್ಷತ್ರ ಡಿಸೆಂಬರಿನಲ್ಲಿ ತನ್ನ ದಕ್ಷಿಣದ ಕೊನೆಯಲ್ಲಿದ್ದು, ಕೆಲವು ವಾರ ಅಲ್ಲಾಡದೆ ನಿಂತಿರಬೇಕಿತ್ತು. ಡಿಸೆಂಬರ್ 17ರಂದು ಬ್ರಾಡ್ಲಿ ಮತ್ತೆ ನೋಡಿದಾಗ ಅದು ಇನ್ನಷ್ಟು ದಕ್ಷಿಣಕ್ಕೆ ಸರಿದಿತ್ತು. ಅಳತೆಯಲ್ಲಿ ಎಡವಟ್ಟಾಗಿರಬಹುದೆಂದು ಅವರು ಪರೀಕ್ಷಿಸಿದರು, ಉಪಕರಣವನ್ನು ಕೂಲಂಕಷವಾಗಿ ನೋಡಿದರು. ನಕ್ಷತ್ರ ಸರಿಯುತ್ತಲೇ ಇತ್ತು. ಮಾರ್ಚ್ ಹೊತ್ತಿಗೆ ಅದು ಸುಮಾರು 20 ವಿಕಲೆಯಷ್ಟು ದಕ್ಷಿಣಕ್ಕೆ ಹೋಗಿ ನಿಂತಿತು. ಆಮೇಲೆ ಉತ್ತರದ ಕಡೆ ತಿರುಗಿತು, ಜೂನ್‌ನಲ್ಲಿ ಡಿಸೆಂಬರಿನ ಜಾಗಕ್ಕೆ ಮರಳಿತು, ಸೆಪ್ಟೆಂಬರಿನಲ್ಲಿ ಉತ್ತರದ ಕೊನೆ ಮುಟ್ಟಿತು.

ಒಂದು ಡಿಗ್ರಿಯಲ್ಲಿ 3600 ವಿಕಲೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವೊಂದು 250 ಮೀಟರ್ ದೂರದಿಂದ ಎಷ್ಟು ಕೋನದಲ್ಲಿ ಕಾಣುತ್ತದೆಯೋ ಅಷ್ಟು, ಈ 20 ವಿಕಲೆ. ಅಷ್ಟು ಸಣ್ಣ ಸರಿತವನ್ನು ತಿಂಗಳುಗಟ್ಟಲೆ ಸಂದೇಹವಿಲ್ಲದೆ ಹಿಂಬಾಲಿಸಿದ್ದು ಗ್ರಹಮ್ ಅವರ ಕೈಚಳಕಕ್ಕೂ ಬ್ರಾಡ್ಲಿಯವರ ತಾಳ್ಮೆಗೂ ಸಲ್ಲಬೇಕಾದ ಗೌರವ. ಚಲನೆಗೆ ವರ್ಷದ ಲಯವಿತ್ತು. ಆದರೆ ಲಂಬನಕ್ಕೆ ಹೋಲಿಸಿದರೆ ಅದು ಮೂರು ತಿಂಗಳು ತಪ್ಪಿ ನಡೆಯುತ್ತಿತ್ತು. ಭೂಮಿಯ ಅಕ್ಷವೇ ತೊನೆಯುತ್ತಿರಬಹುದೆ? ಆಕಾಶದ ಎದುರು ಭಾಗದಲ್ಲಿದ್ದ ಇನ್ನೊಂದು ನಕ್ಷತ್ರವನ್ನು ನೋಡಿ ಬ್ರಾಡ್ಲಿ ಈ ಊಹೆಯನ್ನು ಪರೀಕ್ಷಿಸಿದರು. ಅಕ್ಷ ತೊನೆದರೆ ಅದೂ ಅಷ್ಟೇ ಸರಿಯಬೇಕು. ಅದು ಸರಿದದ್ದು ಸುಮಾರು ಅರ್ಧದಷ್ಟು. ಊಹೆ ಬಿತ್ತು. 1727ರ ಆಗಸ್ಟಿನಲ್ಲಿ ಬ್ರಾಡ್ಲಿ ವಾನ್‌ಸ್ಟೆಡ್ ಎಂಬಲ್ಲಿ ತಮ್ಮ ಅತ್ತೆಯ ಮನೆಯಲ್ಲಿ, ಗ್ರಹಮ್ ಅವರೇ ಮಾಡಿದ ಹನ್ನೆರಡೂವರೆ ಅಡಿಯ ದೂರದರ್ಶಕ ನಿಲ್ಲಿಸಿಕೊಂಡರು. ಇದು ಖಮಧ್ಯದ ಎರಡೂ ಬದಿಗೆ ಆರು ಡಿಗ್ರಿಗಿಂತ ಹೆಚ್ಚು ವಾಲಬಲ್ಲದ್ದಾದ್ದರಿಂದ ಅನೇಕ ನಕ್ಷತ್ರಗಳು ಎಟುಕಿದವು. ಎಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟಿದ್ದವು. ಮಾಲಿನೊ ಅದರ ಅರ್ಥ ತಿಳಿಯುವ ಮುನ್ನವೇ, 1728ರ ಏಪ್ರಿಲಿನಲ್ಲಿ, ತೀರಿಕೊಂಡರು.

ವಿವರಣೆ ಹೊಳೆದದ್ದು ಥೇಮ್ಸ್ ನದಿಯ ಮೇಲೆ, ದೋಣಿಯಲ್ಲಿ ಹೋಗುತ್ತಿದ್ದಾಗ ಎಂದು ಬಹಳ ಕಾಲದ ನಂತರ ಬರೆದಿಟ್ಟ ಕಥೆಯೊಂದು ಹೇಳುತ್ತದೆ. ದೋಣಿ ತಿರುಗಿದಾಗಲೆಲ್ಲ ಪಟಸ್ತಂಭದ ತುದಿಯ ಗಾಳಿಸೂಚಿಯೂ ತಿರುಗುತ್ತಿತ್ತು. ಗಾಳಿ ಮಾತ್ರ ದಿಕ್ಕು ಬದಲಿಸಿರಲಿಲ್ಲ. ಕಥೆ ನಿಜವಿರಲಿ ಬಿಡಲಿ, ತರ್ಕ ಅದೇ. ಬೆಳಕು ಬರುವ ವೇಗಕ್ಕೆ ಭೂಮಿಯ ಸ್ವಂತ ವೇಗ ಸೇರಿದಾಗ ಬೆಳಕಿನ ದಿಕ್ಕು ಓರೆಯಾದಂತೆ ತೋರುತ್ತದೆ. ಕ್ಯೂನಲ್ಲಿದ್ದ ದೂರದರ್ಶಕವನ್ನೇ ತೆಗೆದುಕೊಂಡು ಲೆಕ್ಕ ಹಾಕಬಹುದು. 24 ಅಡಿಯ ಕೊಳವೆಯನ್ನು ದಾಟಲು ಬೆಳಕಿಗೆ ಒಂದು ಸೆಕೆಂಡಿನ ಸುಮಾರು ನಾಲ್ಕು ಕೋಟಿಯ ಒಂದು ಭಾಗ ಸಾಕು. ಅಷ್ಟರಲ್ಲಿ ಸೆಕೆಂಡಿಗೆ 30 ಕಿಲೋಮೀಟರ್ ಓಡುವ ಭೂಮಿ ಕೊಳವೆಯ ಬುಡವನ್ನು ಮುಕ್ಕಾಲು ಮಿಲಿಮೀಟರಿನಷ್ಟು ಮುಂದಕ್ಕೆ ಒಯ್ದಿರುತ್ತದೆ. ಬೆಳಕು ಕಣ್ಣುಗಾಜಿನ ನಡುವೆಯೇ ಬೀಳಬೇಕಾದರೆ ಕೊಳವೆಯನ್ನು ಅಷ್ಟೇ ಮುಂದಕ್ಕೆ ವಾಲಿಸಿ ಹಿಡಿಯಬೇಕು. ಆ ವಾಲುವಿಕೆಯೇ 20 ವಿಕಲೆ.

ಎಡ್ಮಂಡ್ ಹ್ಯಾಲಿಗೆ ಬರೆದ ಪತ್ರದ ರೂಪದಲ್ಲಿ ಬ್ರಾಡ್ಲಿ ಇದನ್ನು ರಾಯಲ್ ಸೊಸೈಟಿಗೆ ಸಲ್ಲಿಸಿದರು. 1729ರ ಜನವರಿಯಲ್ಲಿ ಅದನ್ನು ಓದಲಾಯಿತು. ಬೆಳಕಿನ ವೇಗ ಭೂಮಿಯ ವೇಗದ ಸುಮಾರು 10,200 ಪಟ್ಟು, ಸೂರ್ಯನಿಂದ ಇಲ್ಲಿಗೆ ಬರಲು ಅದಕ್ಕೆ 8 ನಿಮಿಷ 12 ಸೆಕೆಂಡುಗಳ ಆಸುಪಾಸು ಬೇಕು ಎಂದು ಅವರು ಲೆಕ್ಕ ಹಾಕಿದ್ದರು. ಇಂದಿನ ಬೆಲೆ 8 ನಿಮಿಷ 19 ಸೆಕೆಂಡು. ಲಂಬನ ಹುಡುಕಲು ಹೋದವರಿಗೆ ಅದು ಸಿಗಲಿಲ್ಲ. ಅದು ಸಿಕ್ಕಿದ್ದು 1838ರಲ್ಲಿ, ಫ್ರೆಡ್ರಿಕ್ ಬೆಸೆಲ್ ಅವರಿಗೆ, ಅದೂ ಒಂದು ವಿಕಲೆಯ ಮೂರನೆಯ ಒಂದರಷ್ಟು. ಆದರೆ ಭೂಮಿ ಚಲಿಸುತ್ತಿದೆ ಎಂಬುದಕ್ಕೆ ನಕ್ಷತ್ರಗಳ ನೇರ ಸಾಕ್ಷ್ಯ ಅದಕ್ಕೂ ಶತಮಾನ ಮೊದಲೇ ದೊರಕಿತ್ತು. ಲಂಬನ ನಕ್ಷತ್ರದ ದೂರವನ್ನು ಅವಲಂಬಿಸುತ್ತದೆ, ವಿಪಥನಕ್ಕೆ ದೂರದ ಗೊಡವೆಯಿಲ್ಲ: ಒಂದೇ ದಿಕ್ಕಿನಲ್ಲಿರುವ ಹತ್ತಿರದ ನಕ್ಷತ್ರವೂ ದೂರದ ನಕ್ಷತ್ರವೂ ಸಮನಾಗಿ ಸರಿಯುತ್ತವೆ.

ಇಲ್ಲಿ ಒಂದು ಹಳೆಯ ಅವಲೋಕನವನ್ನು ನೆನೆಯಬೇಕು. ಬ್ರಾಡ್ಲಿ ನೆಚ್ಚಿಕೊಂಡದ್ದು ಬೆಳಕಿಗೆ ಪರಿಮಿತ ವೇಗವಿದೆ ಎಂಬ ಓಲೆ ರೋಮರ್ ಅವರ 1676ರ ತೀರ್ಮಾನವನ್ನು. ಗುರುಗ್ರಹದ ಚಂದ್ರ ಐಓ ಮರೆಯಾಗುವ ಘಳಿಗೆಗಳನ್ನು ರೋಮರ್ ಗುರುತಿಸುತ್ತಿದ್ದರು. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಎರಡು ಗ್ರಹಣಗಳ ನಡುವಿನ ಅಂತರ ಹಿಗ್ಗುತ್ತಿತ್ತು, ಹತ್ತಿರವಾಗುವಾಗ ಕುಗ್ಗುತ್ತಿತ್ತು. ನಿಯಮಿತವಾಗಿ ಮರುಕಳಿಸುವ ಘಟನೆಯೊಂದರ ಆವೃತ್ತಿ ವೀಕ್ಷಕನ ಚಲನೆಯಿಂದ ಬದಲಾಗುವುದೇ ಡಾಪ್ಲರ್ ಪರಿಣಾಮ. ಆ ಹೆಸರು ಬರುವ 166 ವರ್ಷ ಮೊದಲೇ ರೋಮರ್ ಅದನ್ನು ಕಂಡಿದ್ದರು ಎನ್ನುವುದು ಉತ್ಪ್ರೇಕ್ಷೆಯಾಗದು. ಒಂದೇ ಭೂಚಲನೆ ಗುರುವಿನ ಚಂದ್ರನಲ್ಲಿ ಕಾಲದ ಏರುಪೇರಾಗಿ, ಡ್ರೇಕೊ ನಕ್ಷತ್ರದಲ್ಲಿ ದಿಕ್ಕಿನ ಓರೆಯಾಗಿ ಕಾಣಿಸಿಕೊಂಡಿತ್ತು.

ಕ್ರಿಶ್ಚಿಯನ್ ಡಾಪ್ಲರ್ ಹುಟ್ಟಿದ್ದು 1803ರಲ್ಲಿ, ಸಾಲ್ಜ್‌ಬರ್ಗಿನ ಕಲ್ಲುಕುಟಿಗರ ಮನೆತನದಲ್ಲಿ. ಪ್ರಾಗ್‌ನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಗಣಿತ ಕಲಿಸುತ್ತಿದ್ದ ಅವರು 1842ರ ಮೇ 25ರಂದು ಬೊಹೀಮಿಯದ ರಾಯಲ್ ವಿಜ್ಞಾನ ಸಂಘದಲ್ಲಿ ಅವಳಿ ನಕ್ಷತ್ರಗಳ ಬಣ್ಣದ ಬಗ್ಗೆ ಪ್ರಬಂಧ ಮಂಡಿಸಿದರು. ಅವಳಿ ನಕ್ಷತ್ರಗಳಲ್ಲಿ ಒಂದು ಹಳದಿ ಅಥವಾ ಕೆಂಪಾಗಿ, ಇನ್ನೊಂದು ನೀಲಿಯಾಗಿ ಕಾಣುವುದುಂಟು. ಅವು ಒಂದನ್ನೊಂದು ಸುತ್ತುವುದರಿಂದ ಹೀಗಾಗುತ್ತದೆ ಎಂಬುದು ಅವರ ವಾದ. ನಮ್ಮತ್ತ ಬರುವ ನಕ್ಷತ್ರದ ಅಲೆಗಳು ಒತ್ತಾಗಿ ತಲುಪುತ್ತವೆ, ಬಣ್ಣ ನೀಲಿಯತ್ತ ವಾಲುತ್ತದೆ. ದೂರ ಸರಿಯುವುದರ ಅಲೆಗಳು ವಿರಳವಾಗಿ ತಲುಪುತ್ತವೆ, ಬಣ್ಣ ಕೆಂಪಿನತ್ತ ಹೊರಳುತ್ತದೆ. ಪ್ರಬಂಧದ ಉಪಶೀರ್ಷಿಕೆಯಲ್ಲಿ ಅವರು ಇದನ್ನು ಬ್ರಾಡ್ಲಿಯವರ ವಿಪಥನ ಪ್ರಮೇಯವನ್ನು ತನ್ನ ಅವಿಭಾಜ್ಯ ಅಂಗವಾಗಿ ಒಳಗೊಳ್ಳುವ ವ್ಯಾಪಕ ಸಿದ್ಧಾಂತದ ಪ್ರಯತ್ನವೆಂದು ಕರೆದರು. ಚಲನೆ ಬೆಳಕಿನ ದಿಕ್ಕನ್ನು ಬದಲಿಸುವುದಾದರೆ ಅದರ ಉಳಿದ ಗುಣಗಳನ್ನು ಏಕೆ ಮುಟ್ಟಬಾರದು ಎಂಬುದು ಅವರ ಹೊರಡುನೆಲೆ. ಈ ಒಂದು ಪ್ರಶ್ನೆಗಾಗಿಯೇ ಆ ಪ್ರಬಂಧ ಚಿರಸ್ಮರಣೀಯ.

ಸೂತ್ರ ಸರಿಯಿತ್ತು, ಅದನ್ನು ಅನ್ವಯಿಸಿದ ರೀತಿ ತಪ್ಪಿತ್ತು. ಕಣ್ಣಿಗೆ ಕಾಣುವಷ್ಟು ಬಣ್ಣ ಬದಲಾಗಬೇಕಾದರೆ ನಕ್ಷತ್ರದ ವೇಗ ಬೆಳಕಿನ ವೇಗದ ಹತ್ತರಲ್ಲೊಂದು ಪಾಲಾದರೂ ಇರಬೇಕು. ಸಾಮಾನ್ಯ ನಕ್ಷತ್ರಗಳು ಚಲಿಸುವುದು ಸೆಕೆಂಡಿಗೆ ಕೆಲವು ಹತ್ತು ಕಿಲೋಮೀಟರ್ ವೇಗದಲ್ಲಿ. ಅದಲ್ಲದೆ ಕೆಂಪಿನ ಆಚೆಗೆ ಅವಕೆಂಪು, ನೇರಳೆಯ ಆಚೆಗೆ ಅತಿನೇರಳೆ ಕಿರಣಗಳಿವೆ. ಇಡೀ ರೋಹಿತ, ಅಂದರೆ ಬೆಳಕಿನ ಬಣ್ಣಗಳ ಪಟ್ಟಿ, ಒಂದು ಕಡೆ ಸರಿದರೆ ಇನ್ನೊಂದು ಕಡೆಯಿಂದ ಕಾಣದ ಕಿರಣಗಳು ಬಂದು ತೆರವನ್ನು ತುಂಬುತ್ತವೆ. ನಕ್ಷತ್ರಗಳ ಬಣ್ಣವನ್ನು ನಿರ್ಧರಿಸುವುದು ಅವುಗಳ ಮೇಲ್ಮೈಯ ಉಷ್ಣತೆ.

ಹಾಲೆಂಡಿನ ಯುವ ವಿಜ್ಞಾನಿ ಬೈಸ್ ಬಲೋಟ್ ಈ ಸಿದ್ಧಾಂತವನ್ನು ಶಬ್ದದ ಮೇಲೆ ಪರೀಕ್ಷಿಸಿದರು. ಆಗಷ್ಟೇ ಬಂದಿದ್ದ ರೈಲು ಅದಕ್ಕೆ ತಕ್ಕ ವೇಗ ಒದಗಿಸುತ್ತಿತ್ತು. 1845ರ ಫೆಬ್ರವರಿಯ ಮೊದಲ ಯತ್ನವನ್ನು ಹವಾಮಾನ ಕೆಡಿಸಿತು. ಜೂನ್‌ನಲ್ಲಿ ಉಟ್ರೆಕ್ಟ್ ಬಳಿಯ ಹಳಿಯ ಮೇಲೆ, ಇಂಜಿನ್ ಎಳೆಯುವ ತೆರೆದ ಬಂಡಿಯಲ್ಲಿ ಕಹಳೆಗಾರರು ಒಂದೇ ಸ್ವರ ಊದುತ್ತ ಹೋದರು. ಸ್ವರಜ್ಞಾನವುಳ್ಳ ಸಂಗೀತಗಾರರು ಹಳಿಯ ಪಕ್ಕ ನಿಂತು ಆಲಿಸಿದರು. ರೈಲು ಹತ್ತಿರ ಬರುವಾಗ ಸ್ವರ ಏರಿತ್ತು, ದಾಟಿ ಹೋಗುವಾಗ ಇಳಿದಿತ್ತು. ಗಂಟೆಗೆ 72 ಕಿಲೋಮೀಟರ್ ವೇಗದ ರೈಲಿನಿಂದ ಬರುವ ಶಬ್ದದ ಆವೃತ್ತಿ ನೂರಕ್ಕೆ ಆರರಷ್ಟು, ಅಂದರೆ ಸುಮಾರು ಅರ್ಧ ಸ್ವರದಷ್ಟು ಬದಲಾಗುತ್ತದೆ. ಅದೇ ರೈಲಿನ ದೀಪದ ಬೆಳಕಿನಲ್ಲಾದರೆ ವ್ಯತ್ಯಾಸ ಒಂದೂವರೆ ಕೋಟಿಗೆ ಒಂದು ಪಾಲು. ಶಬ್ದದಲ್ಲಿ ಪರಿಣಾಮವಿದೆ ಎಂದು ಬಲೋಟ್ ಒಪ್ಪಿದರು. ನಕ್ಷತ್ರಗಳ ಬಣ್ಣಕ್ಕೆ ಅದು ಕಾರಣವೆಂಬುದನ್ನು ಒಪ್ಪಲಿಲ್ಲ. ಎರಡರಲ್ಲೂ ಅವರ ತೀರ್ಪು ಸರಿಯಾಗಿತ್ತು.

ಬೆಳಕಿನಲ್ಲಿ ಏನನ್ನು ನೋಡಬೇಕೆಂದು ಸರಿಯಾಗಿ ಹೇಳಿದವರು ಫ್ರಾನ್ಸಿನ ಹಿಪ್ಪೊಲೀಟ್ ಫಿಜೊ. ಒಟ್ಟು ಬಣ್ಣವನ್ನು ನೋಡುವುದರಿಂದ ಪ್ರಯೋಜನವಿಲ್ಲ, ರೋಹಿತದ ನಡುವೆ ಫ್ರೌನ್‌ಹೋಫರ್ ಗುರುತಿಸಿದ ಕಪ್ಪು ಗೆರೆಗಳು ತಮ್ಮ ಜಾಗದಿಂದ ಸರಿದಿವೆಯೇ ಎಂದು ನೋಡಬೇಕು ಎಂದು ಅವರು 1848ರಲ್ಲಿ ಪ್ಯಾರಿಸಿನ ಸಭೆಯೊಂದರಲ್ಲಿ ವಿವರಿಸಿದರು. ಆ ಭಾಷಣ ಪೂರ್ಣವಾಗಿ ಅಚ್ಚಾದದ್ದು 1870ರಲ್ಲಿ. ಈ ನಡುವೆ ವಿಯೆನ್ನಾದಲ್ಲಿ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್ ಡಾಪ್ಲರ್ ತತ್ತ್ವವನ್ನೇ ಅಲ್ಲಗಳೆದು ವಾದ ಹೂಡಿದರು. 1850ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಭೌತವಿಜ್ಞಾನ ಸಂಸ್ಥೆಯ ಮುಖ್ಯಸ್ಥರಾಗಿದ್ದ ಡಾಪ್ಲರ್, ಎದೆಯ ಕಾಯಿಲೆ ಉಲ್ಬಣಿಸಿ 1853ರ ಮಾರ್ಚ್ 17ರಂದು ವೆನಿಸ್ಸಿನಲ್ಲಿ ತೀರಿಕೊಂಡರು. ನಕ್ಷತ್ರದ ಬೆಳಕಿನಲ್ಲಿ ತಮ್ಮ ತತ್ತ್ವ ಋಜುವಾತಾದದ್ದನ್ನು ಅವರು ನೋಡಲಿಲ್ಲ.

1868ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ಲುಬ್ಧಕ ನಕ್ಷತ್ರದ ರೋಹಿತದಲ್ಲಿ ಹೈಡ್ರೊಜನ್ ಗೆರೆ ಸರಿದಿದೆ ಎಂದು ಪ್ರಕಟಿಸಿ, ಅದು ಸೆಕೆಂಡಿಗೆ 29.4 ಮೈಲಿ ವೇಗದಲ್ಲಿ ದೂರ ಸರಿಯುತ್ತಿದೆ ಎಂದರು. ದಾರಿ ಸರಿಯಿತ್ತು, ಅಳತೆ ಅಲ್ಲ: ಲುಬ್ಧಕ ವಾಸ್ತವದಲ್ಲಿ ಸೆಕೆಂಡಿಗೆ ಸುಮಾರು ಐದೂವರೆ ಕಿಲೋಮೀಟರ್ ವೇಗದಲ್ಲಿ ಸಮೀಪಿಸುತ್ತಿದೆ. ಕಣ್ಣಿನಿಂದ ಅಂಥ ಸೂಕ್ಷ್ಮವನ್ನು ಅಳೆಯುವುದು ಕಷ್ಟವಿತ್ತು. 1888ರ ಸುಮಾರಿಗೆ ಪಾಟ್ಸ್‌ಡ್ಯಾಮ್‌ನಲ್ಲಿ ಹರ್ಮನ್ ಫೋಗಲ್ ರೋಹಿತದ ಛಾಯಾಚಿತ್ರ ತೆಗೆಯತೊಡಗಿದ ಮೇಲೆ ಅಳತೆಗಳು ನಂಬಲರ್ಹವಾದವು. ಮರುವರ್ಷವೇ ಅವರು ಆಲ್ಗಾಲ್ ನಕ್ಷತ್ರ ಕಾಣದ ಸಂಗಾತಿಯೊಂದರೊಡನೆ ಸುತ್ತುತ್ತಿದೆ ಎಂದು ತೋರಿಸಿದರು. ಅದೇ 1889ರಲ್ಲಿ ಅಮೆರಿಕದ ಎಡ್ವರ್ಡ್ ಪಿಕರಿಂಗ್, ನಮ್ಮಲ್ಲಿ ವಸಿಷ್ಠನೆಂದು ಕರೆಯುವ ಸಪ್ತರ್ಷಿ ಮಂಡಲದ ನಕ್ಷತ್ರದ ಗೆರೆಗಳು ಆಗಾಗ ಇಬ್ಭಾಗವಾಗುವುದನ್ನು ಕಂಡು, ದೂರದರ್ಶಕಕ್ಕೆ ಒಂದೇ ಎನಿಸುವ ಬಿಂದುವಿನಲ್ಲಿ ಎರಡು ನಕ್ಷತ್ರಗಳಿವೆ ಎಂದರು. ಡಾಪ್ಲರ್ ಅವಳಿ ನಕ್ಷತ್ರಗಳಿಂದ ಹೊರಟು ದಾರಿ ತಪ್ಪಿದ್ದರು. ಅವರ ತತ್ತ್ವ ಮಾತ್ರ ಹೊಸ ಅವಳಿಗಳನ್ನು ಹುಡುಕಿಕೊಟ್ಟಿತು. 1909ರ ಜನವರಿಯಲ್ಲಿ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಷೆಡ್ ಸೌರಕಲೆಗಳ ರೋಹಿತದಲ್ಲಿ ಗೆರೆಗಳ ಸರಿತವನ್ನು ಅಳೆದು, ಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಪತ್ತೆ ಮಾಡಿದರು. ಎವರ್‌ಷೆಡ್ ಪರಿಣಾಮವೆಂದು ಜಗತ್ತು ಬಲ್ಲ ಆ ಸಂಶೋಧನೆಯ ವೀಕ್ಷಣಾಲಯ ಈಗ ಬೆಂಗಳೂರಿನ ಭಾರತೀಯ ಖಗೋಳಭೌತವಿಜ್ಞಾನ ಸಂಸ್ಥೆಯ ಅಧೀನದಲ್ಲಿದೆ.

ಎರಡು ಪರಿಣಾಮಗಳನ್ನು ಪಕ್ಕಪಕ್ಕ ಇಟ್ಟರೆ ಅವು ಒಂದಕ್ಕೊಂದು ಪೂರಕವೆಂಬುದು ಕಾಣುತ್ತದೆ. ಬೆಳಕು ಬರುವ ದಿಕ್ಕಿಗೆ ಅಡ್ಡವಾದ ಚಲನೆ ವಿಪಥನವನ್ನು ಉಂಟುಮಾಡುತ್ತದೆ, ಅದೇ ರೇಖೆಯಲ್ಲಿನ ಚಲನೆ ಡಾಪ್ಲರ್ ಸರಿತವನ್ನು. ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವಂತೆ ತೋರುವ ದಾರಿಯ, ಮೇಲಿರುವ ನಕ್ಷತ್ರವೊಂದನ್ನು ವರ್ಷವಿಡೀ ನೋಡಿದರೆ, ಭೂಮಿ ನೇರ ಅದರತ್ತ ಧಾವಿಸುವ ದಿನ ರೋಹಿತದ ಗೆರೆಗಳು ಹತ್ತು ಸಾವಿರದಲ್ಲಿ ಒಂದು ಪಾಲು ನೀಲಿಯತ್ತ ಸರಿದಿರುತ್ತವೆ, ವಿಪಥನ ಸೊನ್ನೆಯಾಗಿರುತ್ತದೆ. ಮೂರು ತಿಂಗಳ ಬಳಿಕ ವಿಪಥನ ಗರಿಷ್ಠ, ಭೂಚಲನೆಯಿಂದಾಗುವ ಡಾಪ್ಲರ್ ಸರಿತ ಸೊನ್ನೆ. ಕ್ರಾಂತಿವೃತ್ತದ ಧ್ರುವದ ಸಮೀಪವಿರುವ ಬ್ರಾಡ್ಲಿಯವರ ನಕ್ಷತ್ರಕ್ಕೆ ಭೂಮಿಯ ಚಲನೆ ಸದಾ ಬಹುಮಟ್ಟಿಗೆ ಅಡ್ಡವೇ. ಅದಕ್ಕೇ ಅದು ವರ್ಷಕ್ಕೊಂದು ಸಣ್ಣ ವೃತ್ತದಂತಹ ದಾರಿಯನ್ನು ರಚಿಸುತ್ತದೆ. ಎರಡೂ ಕಡೆ ಹತ್ತು ಸಾವಿರಕ್ಕೆ ಒಂದು ಎಂಬ ಅನುಪಾತವೇ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ, ಅದು ಭೂಮಿಯ ವೇಗಕ್ಕೂ ಬೆಳಕಿನ ವೇಗಕ್ಕೂ ಇರುವ ಅನುಪಾತ. ಜರ್ಮನಿಯ ಫ್ರೆಡ್ರಿಕ್ ಕ್ಯೂಸ್ಟ್ನರ್ ಎರಡೂ ದಾರಿಯಲ್ಲಿ ನಡೆದವರು. 1880ರ ದಶಕದಲ್ಲಿ ಬರ್ಲಿನ್ನಿನಲ್ಲಿ ವಿಪಥನವನ್ನು ಅಳೆಯುತ್ತಿದ್ದಾಗ ಅವರಿಗೆ ಅಕ್ಷಾಂಶವೇ ಅಲುಗುತ್ತಿರುವುದು, ಅಂದರೆ ಭೂಮಿಯ ಧ್ರುವಗಳು ಸ್ಥಳ ಬದಲಿಸುತ್ತಿರುವುದು ಗೊತ್ತಾಯಿತು. 1905ರಲ್ಲಿ ಬಾನ್ ನಗರದಿಂದ ಸ್ವಾತಿ ನಕ್ಷತ್ರದ ರೋಹಿತವನ್ನು ಬೇರೆ ಬೇರೆ ಋತುಗಳಲ್ಲಿ ಅಳೆದು, ಡಾಪ್ಲರ್ ಸರಿತದಿಂದಲೇ ಭೂಮಿಯ ವೇಗವನ್ನೂ ಅದರಿಂದ ಸೂರ್ಯನ ದೂರವನ್ನೂ ಅವರು ಕಂಡುಕೊಂಡರು.

ಇಷ್ಟು ಹತ್ತಿರದ ನಂಟಿದ್ದರೂ ಇವೆರಡನ್ನು ಒಂದೇ ಸೂತ್ರದಲ್ಲಿ ಕಟ್ಟಲು ಹಳೆಯ ಭೌತವಿಜ್ಞಾನದಿಂದ ಆಗಲಿಲ್ಲ. ಬೆಳಕು ಕಣಗಳ ಧಾರೆ ಎಂದರೆ ವಿಪಥನ ಸುಲಭವಾಗಿ ಅರ್ಥವಾಗುತ್ತಿತ್ತು; ಅಲೆ ಎಂದರೆ ಡಾಪ್ಲರ್. ಅಲೆಗೆ ಮಾಧ್ಯಮ ಬೇಕೆಂದು ಕಲ್ಪಿಸಿಕೊಂಡ ಈಥರ್ ಪೇಚಿಗೆ ಸಿಲುಕಿಸಿತು. ವಿಪಥನ ಇರಬೇಕಾದರೆ ಈಥರ್ ಅಲುಗದೆ ನಿಂತಿದ್ದು, ಭೂಮಿ ಅದರ ನಡುವೆ ತೂರಿ ಹೋಗುತ್ತಿರಬೇಕು. 1871ರಲ್ಲಿ ಗ್ರಿನಿಚ್‌ನಲ್ಲಿ ಜಾರ್ಜ್ ಏರಿ ದೂರದರ್ಶಕದ ಕೊಳವೆಗೆ ನೀರು ತುಂಬಿ ಅದೇ ಗಾಮಾ ನಕ್ಷತ್ರವನ್ನು ನೋಡಿದರು. ನೀರಿನಲ್ಲಿ ಬೆಳಕು ನಿಧಾನವಾಗುವುದರಿಂದ ವಿಪಥನ ಹೆಚ್ಚಬೇಕಿತ್ತು. ಅದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಈಥರಿನ ಮೂಲಕ ಭೂಮಿ ಹಾಯುವ ಕುರುಹನ್ನು ಹುಡುಕಿದಾಗ ಏನೂ ಸಿಗಲಿಲ್ಲ.

ತೊಡಕಿನ ಬೇರು ಇನ್ನೂ ಆಳದಲ್ಲಿತ್ತು. ಅಲೆಯ ಮುಖವೆಂದರೆ ಒಂದೇ ಕ್ಷಣದಲ್ಲಿ ಒಂದೇ ಹಂತದಲ್ಲಿರುವ ಬಿಂದುಗಳ ಸಾಲು. ಒಂದೇ ಕ್ಷಣ ಎಂಬುದು ಎಲ್ಲ ವೀಕ್ಷಕರಿಗೂ ಸಮಾನವೆಂದು ಹಿಡಿದರೆ ಆ ಸಾಲು ಯಾರಿಗೂ ಓರೆಯಾಗಿ ಕಾಣಲಾರದು. ಅಲೆಗಳ ಎಣಿಕೆ ಬದಲಾಗುತ್ತದೆ, ಮುಖದ ದಿಕ್ಕು ಬದಲಾಗುವುದಿಲ್ಲ. ಹೀಗಾಗಿ ಹಳೆಯ ಲೆಕ್ಕದಲ್ಲಿ ಅಲೆಯ ಮುಖ ಡಾಪ್ಲರ್ ಪರಿಣಾಮವನ್ನು ಕೊಡುತ್ತಿತ್ತೇ ಹೊರತು ವಿಪಥನವನ್ನು ಕೊಡುತ್ತಿರಲಿಲ್ಲ. ಆಲ್ಬರ್ಟ್ ಐನ್‌ಸ್ಟೈನ್ 1905ರಲ್ಲಿ ಕೈಬಿಟ್ಟದ್ದು ಸರಿಯಾಗಿ ಆ ಊಹೆಯನ್ನೇ. ಚಲಿಸುವ ವೀಕ್ಷಕನಿಗೆ ಏಕಕಾಲದಲ್ಲಿ ನಡೆಯುವ ಘಟನೆಗಳು ನಿಂತವನಿಗೆ ಏಕಕಾಲದವಲ್ಲ. ಆದ್ದರಿಂದ ಇಬ್ಬರೂ ಬೇರೆ ಬೇರೆ ಬಿಂದುಗಳನ್ನು ಕೂಡಿಸಿ ಅಲೆಯ ಮುಖವನ್ನು ಎಳೆಯುತ್ತಾರೆ, ಮುಖ ವಾಲುತ್ತದೆ. ಚಲಿಸುವ ಕಾಯಗಳ ವಿದ್ಯುತ್‌ಚಲನಶಾಸ್ತ್ರ ಕುರಿತ ಆ ಪ್ರಬಂಧದ ಏಳನೆಯ ವಿಭಾಗದ ಶೀರ್ಷಿಕೆಯಲ್ಲೇ ಡಾಪ್ಲರ್ ತತ್ತ್ವವೂ ವಿಪಥನವೂ ಜೊತೆಯಾಗಿ ನಿಂತಿವೆ. ಅಲೆಯ ಹಂತ ಎಲ್ಲ ವೀಕ್ಷಕರಿಗೂ ಒಂದೇ ಎಂಬ ಒಂದೇ ಷರತ್ತಿನಿಂದ ಎರಡೂ ಸೂತ್ರಗಳು ಹೊರಡುತ್ತವೆ. ಆವೃತ್ತಿಯೂ ದಿಕ್ಕೂ ಒಂದೇ ರಾಶಿಯ ಅಂಗಗಳು, ಚಲನೆ ಅವನ್ನು ಪರಸ್ಪರ ಬೆರೆಸುತ್ತದೆ. ಹೊಸ ಸೂತ್ರದಲ್ಲಿ ಹಳೆಯದರಲ್ಲಿಲ್ಲದ ಒಂದು ಅಂಶವೂ ಇತ್ತು: ಪೂರ್ತಿ ಅಡ್ಡವಾಗಿ ಚಲಿಸುವ ಆಕರದ ಆವೃತ್ತಿಯೂ ಅತ್ಯಲ್ಪವಾಗಿ ತಗ್ಗುತ್ತದೆ. ಇದಕ್ಕೆ ಕಾರಣವಾದ ಕಾಲದ ನಿಧಾನಗತಿಯನ್ನು 1938ರಲ್ಲಿ ಅಮೆರಿಕದ ಐವ್ಸ್ ಮತ್ತು ಸ್ಟಿಲ್‌ವೆಲ್, ವೇಗವಾಗಿ ಓಡುವ ಹೈಡ್ರೊಜನ್ ಪರಮಾಣುಗಳ ಬೆಳಕಿನಲ್ಲಿ ಅಳೆದು ತೋರಿಸಿದರು.

ಆ ನಂತರ ಎರಡೂ ಪರಿಣಾಮಗಳು ಖಗೋಳವಿಜ್ಞಾನದ ನಿತ್ಯದ ಸಲಕರಣೆಗಳಾದವು. 1995ರಲ್ಲಿ 51 ಪೆಗಾಸಿ ನಕ್ಷತ್ರದ ಗ್ರಹ ಪತ್ತೆಯಾದದ್ದು ಸೆಕೆಂಡಿಗೆ ಐವತ್ತು ಚಿಲ್ಲರೆ ಮೀಟರ್ ಓಲಾಟವನ್ನು ಡಾಪ್ಲರ್ ಸರಿತದಿಂದ ಅಳೆದಾಗ. ಸೂರ್ಯ ನಮ್ಮ ಗೆಲಾಕ್ಸಿಯ ಕೇಂದ್ರದತ್ತ ವೇಗೋತ್ಕರ್ಷ ಹೊಂದುತ್ತಿರುವುದರಿಂದ ವಿಪಥನವೂ ವರ್ಷದಿಂದ ವರ್ಷಕ್ಕೆ ಬದಲಾಗಬೇಕು. ಯುರೋಪಿನ ಗಾಯಾ ಉಪಗ್ರಹದ ದತ್ತಾಂಶದಿಂದ 2020ರಲ್ಲಿ ಆ ಬದಲಾವಣೆ ವರ್ಷಕ್ಕೆ ಒಂದು ವಿಕಲೆಯ ಹತ್ತು ಲಕ್ಷದಲ್ಲಿ ಐದು ಭಾಗ ಎಂದು ಗೊತ್ತಾಯಿತು. ಬ್ರಹ್ಮಾಂಡದ ಆದಿಯಿಂದ ಉಳಿದುಬಂದ ಮೈಕ್ರೊವೇವ್ ಹಿನ್ನೆಲೆ ವಿಕಿರಣ ಆಕಾಶದ ಒಂದು ಕಡೆ ತುಸು ಬೆಚ್ಚಗೆ, ಎದುರು ಕಡೆ ತುಸು ತಣ್ಣಗೆ ಇರುವುದು 1970ರ ದಶಕದಲ್ಲೇ ಖಚಿತವಾಗಿತ್ತು. ಅದು ಸೂರ್ಯ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವುದರ ಡಾಪ್ಲರ್ ಗುರುತು. ಹಾಗಿದ್ದರೆ ಅದೇ ವಿಕಿರಣದಲ್ಲಿ ವಿಪಥನವೂ ಇರಬೇಕು: ಸೂರ್ಯ ಸಾಗುವ ದಿಕ್ಕಿನಲ್ಲಿ ಬಿಸಿ ಮತ್ತು ತಂಪು ಮಚ್ಚೆಗಳು ಕೊಂಚ ಕಿರಿದಾಗಿ ಒತ್ತಿಕೊಂಡು, ಹಿಂಬದಿಯಲ್ಲಿ ಕೊಂಚ ಹಿಗ್ಗಿ ಕಾಣಬೇಕು. 2013ರಲ್ಲಿ ಪ್ಲಾಂಕ್ ಉಪಗ್ರಹದ ವಿಜ್ಞಾನಿಗಳು ಆ ಒತ್ತು ಮತ್ತು ಹಿಗ್ಗನ್ನು ಪತ್ತೆ ಮಾಡಿ, ಡಾಪ್ಲರ್ ಸೂಚಿಸಿದ ವೇಗಕ್ಕೂ ದಿಕ್ಕಿಗೂ ಅದು ಹೊಂದುತ್ತದೆ ಎಂದು ವರದಿ ಮಾಡಿದರು.